ಮಂಗಳ ಗ್ರಹದ ಉತಾರ ಯಾರ ಹೆಸರಿಗೆ?

ಮರೋಳದ ಚಹಾದಂಗಡಿಯಲ್ಲಿ ನಡೆದ ಮಾತಿದು. 2025ರ ಮುಂಗಾರು ಮಳೆಯ ದಿನಗಳು. ಧಾರವಾಡದ ಹೆಸರುಕಾಳೂ ಮೆಂತ್ಯದ ಬೀಜವೂ ಆಕಾಶಕ್ಕೆ ಹೋಗಿವೆಯೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಹಿರಿಯರೊಬ್ಬರು ಅದನ್ನು ಓದಿಸಿ ಕೇಳಿದರು. ಬಳಿಕ ನನ್ನ ಕಡೆ ತಿರುಗಿ ಅಂದರು:

“ಮಾಸ್ತರ, ಮೆಂತ್ಯಾ ಮ್ಯಾಲೆ ಹೋತು, ಛಲೋ ಆತು. ಆದ್ರ ಇಲ್ಲಿ ನಮ್ಮ ಪಗಾರ ಮ್ಯಾಲೆ ಹೋಗವಲ್ದಲ್ರೀ? ಮಂಗಳಕ್ಕ ಹೋಗಾಕ ರೊಕ್ಕ ಐತಿ, ಹಳ್ಳಿ ದವಾಖಾನಿಗೆ ಡಾಕ್ಟರನ್ನ ಕಳಸಾಕ ಇಲ್ಲೇನು?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ಏನೋ ಒಂದು ಉತ್ತರ ಹೇಳಿ ಬಸ್ಸು ಹತ್ತಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ದುಡಿಯುವವನು ಕೇಳಿದ ಪ್ರಶ್ನೆಗೆ ನಗೆಯಾಡಿ ಜಾರಿಕೊಳ್ಳುವುದು ಮಾಸ್ತರಿಕೆಗೂ ಶೋಭೆಯಲ್ಲ, ಸಂಘಟನೆಯ ಕೆಲಸಕ್ಕೂ ಶೋಭೆಯಲ್ಲ. ನಾನು ಮೆಟ್ರಿಕ್ ಪಾಸಾದವನು. ರಾಕೆಟ್ಟಿನ ಗಣಿತ ನನಗೆ ಬಾರದು. ಆದರೆ ಜಮಾ-ಖರ್ಚಿನ ವಹಿ ಓದಲು ಬರುತ್ತದೆ. ಆ ವಹಿಯನ್ನೇ ಇಲ್ಲಿ ಬಿಚ್ಚಿಡುತ್ತೇನೆ.

ಮೊದಲು ಸುದ್ದಿಯ ಮಾತು. 2025ರ ಜೂನ್ 25ರಂದು ಅಮೇರಿಕೆಯ ಫ್ಲಾರಿಡಾದಿಂದ ಹಾರಿದ ನೌಕೆಯಲ್ಲಿ ನಮ್ಮ ವಾಯುಪಡೆಯ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. 1984ರಲ್ಲಿ ರಾಕೇಶ ಶರ್ಮಾ ಅವರು ರಷ್ಯದ ನೌಕೆಯಲ್ಲಿ ಹೋಗಿ ಬಂದ ಮೇಲೆ ಭಾರತದ ಪ್ರಜೆಯೊಬ್ಬ ಆಕಾಶಕ್ಕೇರಿದ್ದು 41 ವರ್ಷಗಳ ನಂತರ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐ.ಐ.ಟಿ.ಯೂ ಸೇರಿ ಒಂದು ಪ್ರಯೋಗವನ್ನು ಅವರೊಡನೆ ಕಳಿಸಿದ್ದವು. ತೂಕವೇ ಇಲ್ಲದಂಥ ಸ್ಥಿತಿಯಲ್ಲಿ ಹೆಸರು, ಮೆಂತ್ಯ ಹೇಗೆ ಮೊಳೆಯುತ್ತವೆ, ಅವುಗಳ ಸತ್ವ ಏನಾಗುತ್ತದೆ ಎಂಬುದನ್ನು ತಿಳಿಯುವುದು ಅದರ ಉದ್ದೇಶ. ನಾವು ರೊಟ್ಟಿಯೊಡನೆ ತಿನ್ನುವ ಮೆಂತ್ಯ ಅದೇ. ಇದರಲ್ಲಿ ನಾವು ಹೆಮ್ಮೆಪಡಬೇಕಾದುದು ಇದೆ.

ಆದರೆ ಆ ನೌಕೆ ನಮ್ಮದಲ್ಲ. ಅಮೇರಿಕೆಯ ಸರಕಾರದ್ದೂ ಅಲ್ಲ. ನೌಕೆ ಸ್ಪೇಸ್‌ಎಕ್ಸ್ ಎಂಬ ಖಾಸಗಿ ಕಂಪನಿಯದು. ಯಾತ್ರೆಯನ್ನು ಏರ್ಪಡಿಸಿದ್ದು ಆಕ್ಸಿಯಮ್ ಎಂಬ ಮತ್ತೊಂದು ಕಂಪನಿ. ಇದಕ್ಕಾಗಿ ನಮ್ಮ ಬೊಕ್ಕಸದಿಂದ ಹೋದ ಹಣ ಸುಮಾರು 550 ಕೋಟಿ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು. ತರಬೇತಿಯ ವೆಚ್ಚವೂ ಅದರಲ್ಲಿ ಸೇರಿದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡೋಣ. 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ನಮ್ಮ ಮಂಗಳಯಾನ 2014ರ ಸಪ್ಟೆಂಬರ್ 24ರ ಬೆಳಿಗ್ಗೆ ಮಂಗಳನ ಕಕ್ಷೆಯನ್ನು ಸೇರಿತು. ಏಷ್ಯಾ ಖಂಡದ ಯಾವ ದೇಶವೂ ಅಲ್ಲಿಯವರೆಗೆ ಇದನ್ನು ಸಾಧಿಸಿರಲಿಲ್ಲ. ನೌಕೆಗೆ ಆಜ್ಞೆ ಹೋದದ್ದು ಬೆಂಗಳೂರಿನ ಪೀಣ್ಯದಿಂದ; ಅದರ ಸಣ್ಣ ದನಿಯನ್ನು ಕೇಳಿದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ ನಿಲ್ಲಿಸಿದ 32 ಮೀಟರಿನ ದೊಡ್ಡ ಬುಟ್ಟಿ. ಆಗ ನಾನು ಮಾಸ್ತರಿಕೆಯಲ್ಲಿದ್ದೆ. ಮಕ್ಕಳನ್ನು ಸಾಲಾಗಿ ಕರೆದೊಯ್ದು ಕಿರಾಣಿ ಅಂಗಡಿಯ ಟಿ.ವಿ.ಯ ಮುಂದೆ ಕೂರಿಸಿದ್ದೆ. ಅಂಗಡಿಯ ಸಾಹುಕಾರರು ಅಂದು ಎಲ್ಲರಿಗೂ ಬೆಲ್ಲ ಕೊಟ್ಟರು. ಆ ಇಡೀ ಯಾನಕ್ಕೆ ತಗುಲಿದ ವೆಚ್ಚ ಸುಮಾರು 450 ಕೋಟಿ ರೂಪಾಯಿ. ಆರು ತಿಂಗಳು ಬಾಳಲೆಂದು ಕಟ್ಟಿದ ಯಂತ್ರ 2022ರವರೆಗೆ, ಎಂಟು ವರ್ಷದ ಹತ್ತಿರ ಹತ್ತಿರ ಬಾಳಿತು.

ಮನುಷ್ಯನನ್ನು ಒಯ್ಯುವುದೂ ಯಂತ್ರವನ್ನು ಕಳಿಸುವುದೂ ಒಂದೇ ಅಲ್ಲವೆಂದು ಬಲ್ಲೆ. ನಮ್ಮದೇ ಗಗನಯಾನಕ್ಕೆ ಶುಕ್ಲಾ ಅವರ ಅನುಭವ ಉಪಯೋಗವಾಗುವುದೆಂದೂ ಬಲ್ಲೆ. ಆದರೂ ವ್ಯಾಪಾರ ಮಾಡುವ ಬಂಧುಗಳು ಇಷ್ಟನ್ನು ಗಮನಿಸಬೇಕು: ಒಂದು ಖರ್ಚು ಮನೆ ಕಟ್ಟಿದ ಖರ್ಚು, ಇನ್ನೊಂದು ಬಾಡಿಗೆ ಮನೆಯ ಖರ್ಚು. ಮಂಗಳಯಾನದ ಹಣ ನಮ್ಮ ಕಾರಖಾನೆಗಳಲ್ಲಿ, ನಮ್ಮ ಕುಶಲಿಗರ ಕೈಯಲ್ಲಿ ವಿದ್ಯೆಯಾಗಿ ಉಳಿಯಿತು. ಬಾಡಿಗೆಯ ಹಣದ ಬಹುಪಾಲು ಯಾತ್ರೆ ಮುಗಿದೊಡನೆ ಧಣಿಯ ಪೆಟ್ಟಿಗೆ ಸೇರಿತು.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಮಂಗಳಯಾನದ 450 ಕೋಟಿಯನ್ನು ಅಂದಿನ ಭಾರತದ ಜನಸಂಖ್ಯೆಗೆ ಹಂಚಿದರೆ ತಲೆಗೆ ನಾಲ್ಕು ರೂಪಾಯಿಗೂ ಕಡಿಮೆ. ಬಾಹ್ಯಾಕಾಶ ಇಲಾಖೆಗೆ 2025-26ರ ಮುಂಗಡಪತ್ರದಲ್ಲಿ ಇಟ್ಟದ್ದು 13,416 ಕೋಟಿ. ಅದನ್ನು ಹಂಚಿದರೆ ವರ್ಷಕ್ಕೆ ತಲೆಗೆ ನೂರು ರೂಪಾಯಿಯೂ ಆಗುವುದಿಲ್ಲ. ಈ ಹಣವನ್ನು ನಿಲ್ಲಿಸಿಬಿಟ್ಟರೆ ನಮ್ಮ ಪಗಾರ ಏರುವುದೇ? ಹಳ್ಳಿಯ ದವಾಖಾನೆಗೆ ಡಾಕ್ಟರು ಬರುವರೇ? ಇಲ್ಲ. ಪಗಾರ ಏರದಿರುವುದಕ್ಕೆ ಕಾರಣ ರಾಕೆಟ್ಟಲ್ಲ. ನಾವು ಒಗ್ಗಟ್ಟಾಗದಿರುವುದು, ಕನಿಷ್ಠ ವೇತನದ ಕಾನೂನು ಕಾಗದದ ಮೇಲೆಯೇ ಮಲಗಿರುವುದು. “ರೊಟ್ಟಿಯೋ, ರಾಕೆಟ್ಟೋ” ಎಂಬ ಜಗಳವನ್ನು ನಮ್ಮ ನಡುವೆ ಹಚ್ಚಿ ತಾವು ದೂರ ನಿಂತು ನೋಡುವವರು ಬೇರೆ ಇದ್ದಾರೆ. ಬಡವನಿಗೆ ರೊಟ್ಟಿ ಸಾಕು, ವಿದ್ಯೆ ಏಕೆ ಎಂಬ ಮಾತು ಹಳೆಯ ಜಮೀನುದಾರನ ಮಾತು. ದುಡಿಯುವವನು ಅದನ್ನು ತನ್ನ ಬಾಯಿಂದ ಆಡಬಾರದು.

ಆಕಾಶದ ವಿದ್ಯೆ ನಮ್ಮ ಕಡೆಗೆ ಬಂದದ್ದು ಇದೇ ಮೊದಲಲ್ಲ. 1975ರ ಅಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠ ಮುಟ್ಟಿಸುವ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಬೆಂಗಳೂರಿನ ಸುತ್ತಲಿನ ಸ್ಥಿತಿವಂತ ಹಳ್ಳಿಗಳನ್ನಲ್ಲ. ಗುಲ್ಬರ್ಗಾ, ರಾಯಚೂರು ಮತ್ತು ನಮ್ಮ ಅಂದಿನ ವಿಜಾಪುರ ಜಿಲ್ಲೆಗಳನ್ನು. ಹುನಗುಂದ, ಬಾದಾಮಿ, ಬಾಗಲಕೋಟೆ ತಾಲೂಕುಗಳು ಆಗ ವಿಜಾಪುರ ಜಿಲ್ಲೆಗೇ ಸೇರಿದ್ದವು. ಉಪಗ್ರಹ ಅಮೇರಿಕೆಯಿಂದ ಎರವಲು ತಂದದ್ದು. ಆದರೆ ಅದರ ದನಿ ಹಿಡಿಯುವ ಬುಟ್ಟಿಗಳನ್ನು ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ನಮ್ಮವರೇ ಮಾಡಿದ್ದರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇವು ಅದರ ಕಾರ್ಯಕ್ರಮಗಳು. ಯಾರೂ ಚಂದಾ ಕಟ್ಟಬೇಕಾಗಿರಲಿಲ್ಲ.

ಅದೇ ವರ್ಷದ ಏಪ್ರಿಲ್ 19ರಂದು ನಮ್ಮ ಮೊದಲ ಉಪಗ್ರಹ ಆರ್ಯಭಟ ರಷ್ಯದ ರಾಕೆಟ್ಟಿನಲ್ಲಿ ಮೇಲೆ ಹೋಯಿತು. 360 ಕಿಲೋ ತೂಕದ ಆ ಯಂತ್ರವನ್ನು ಕಟ್ಟಿದ್ದು ಪೀಣ್ಯ ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡುಗಳಲ್ಲಿ. ಮುಂದೆ ನಿಂತು ಕಟ್ಟಿಸಿದವರು ಉಡುಪಿಯ ಕಡೆಯ ಅದಮಾರು ಎಂಬ ಹಳ್ಳಿಯಲ್ಲಿ ಹುಟ್ಟಿದ ಯು. ಆರ್. ರಾವ್ ಅವರು. ಬಂಡವಾಳಗಾರ ಯಾರೂ ಅಂದು ಆ ಶೆಡ್ಡಿನ ಕಡೆ ಹಣಿಕಿ ನೋಡಲಿಲ್ಲ. ಏಕೆಂದರೆ ಅದರಲ್ಲಿ ಲಾಭವಿರಲಿಲ್ಲ, ನಷ್ಟದ ಭಯ ಬಹಳವಿತ್ತು. ಆ ಭಯವನ್ನು ಹೊತ್ತದ್ದು ಜನತೆಯ ಬೊಕ್ಕಸ; ಬೆಂಕಿಪೆಟ್ಟಿಗೆಯಿಂದ ಸೀರೆಯವರೆಗೆ ಪ್ರತಿಯೊಂದರ ಮೇಲೂ ತೆರಿಗೆ ತೆತ್ತ ನಾವು.

ನಷ್ಟದ ಕಾಲ ಕಳೆಯಿತು. ಈಗ ಲಾಭದ ಕಾಲ ಬಂದಿದೆ. ಬಾಗಿಲೂ ತೆರೆದಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಬಾಹ್ಯಾಕಾಶ ಕ್ಷೇತ್ರದಲ್ಲಿ ಖಾಸಗಿಯವರಿಗೆ ಪ್ರವೇಶ ಕೊಟ್ಟಿತು. 2023ರ ಬಾಹ್ಯಾಕಾಶ ನೀತಿಯ ಪ್ರಕಾರ ಇಸ್ರೋ ಸಂಶೋಧನೆಯತ್ತ ಗಮನವಿಡಬೇಕು. ಪಳಗಿದ ತಂತ್ರಗಳನ್ನು ಉದ್ಯಮದವರಿಗೆ ಒಪ್ಪಿಸಿ ತಯಾರಿಕೆಯಿಂದ ಹಿಂದೆ ಸರಿಯಬೇಕು. 2024ರಲ್ಲಿ ವಿದೇಶಿ ಬಂಡವಾಳಕ್ಕೂ ದಾರಿಯಾಯಿತು: ಸರಕಾರದ ಪೂರ್ವಾನುಮತಿ ಕೇಳದೆ ಉಡಾವಣೆಯ ವಾಹನಗಳಲ್ಲಿ ಶೇಕಡಾ 49, ಉಪಗ್ರಹಗಳಲ್ಲಿ ಶೇಕಡಾ 74, ಬಿಡಿಭಾಗಗಳಲ್ಲಿ ಶೇಕಡಾ 100ರವರೆಗೆ.

ಇದನ್ನು ಸಂತೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ. ಊರವರು ವರ್ಗಣಿ ಹಾಕಿ ಜಾಗ ಹಸನು ಮಾಡಿದರು, ಬಾವಿ ತೋಡಿದರು, ಕಟ್ಟೆ ಕಟ್ಟಿದರು, ಐವತ್ತು ವರ್ಷ ನಷ್ಟದಲ್ಲಿ ಸಂತೆ ನಡೆಸಿದರು. ಸಂತೆ ಕೂಡತೊಡಗಿದ ಮೇಲೆ ಒಬ್ಬ ದೊಡ್ಡ ಅಡತಿಯವನು ಬಂದು, “ನೀವು ಬಾವಿ ತೋಡುವುದರಲ್ಲಿ ಜಾಣರು. ಇನ್ನಷ್ಟು ಬಾವಿ ತೋಡಿರಿ. ಕಟ್ಟೆಯ ವ್ಯಾಪಾರ ನಮಗೆ ಬಿಡಿರಿ” ಎಂದ. ಕಟ್ಟೆಗೆ ಬಾಡಿಗೆ ಎಷ್ಟು, ಲಾಭದಲ್ಲಿ ಊರಿಗೆ ಪಾಲೆಷ್ಟು ಎಂದು ಕೇಳಿದರೆ, “ಪ್ರಗತಿಗೆ ಅಡ್ಡ ಬರಬೇಡಿ” ಎಂಬ ಉತ್ತರ ಸಿಗುತ್ತದೆ.

ಎದುರಿನವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಖಾಸಗಿಯವರು ಬಂದದ್ದರಿಂದ ಆಕಾಶಕ್ಕೆ ಹೋಗುವ ಖರ್ಚು ಇಳಿದಿದೆ ಎನ್ನುತ್ತಾರೆ. ನಿಜ. ಸ್ಪೇಸ್‌ಎಕ್ಸ್ ಕಂಪನಿ 2015ರಲ್ಲಿ ತನ್ನ ರಾಕೆಟ್ಟಿನ ಕೆಳಭಾಗವನ್ನು ನೆಲಕ್ಕೆ ಸುರಕ್ಷಿತವಾಗಿ ಇಳಿಸಿತು. 2017ರಲ್ಲಿ ಹಾಗೆ ಇಳಿದದ್ದನ್ನೇ ಮತ್ತೆ ಹಾರಿಸಿತು. 2024ರ ನವೆಂಬರ್‌ನಲ್ಲಿ ನಮ್ಮದೇ 4,700 ಕಿಲೋ ತೂಕದ ಉಪಗ್ರಹವೊಂದು ಅವರ ರಾಕೆಟ್ಟಿನಲ್ಲಿ ಹೋಗಬೇಕಾಯಿತು. ಅಷ್ಟು ಭಾರವನ್ನು ಅಷ್ಟು ಎತ್ತರದ ಕಕ್ಷೆಗೆ ಎತ್ತುವ ಶಕ್ತಿ ನಮ್ಮ ವಾಹನಕ್ಕೆ ಇರಲಿಲ್ಲ. ನಮ್ಮ ಸರಕಾರಿ ಕಚೇರಿಗಳ ನಿಧಾನವೂ ಕಡತದ ಧೂಳೂ ನಮಗೆ ತಿಳಿಯದ್ದಲ್ಲ. ನಮ್ಮ ಹುಡುಗರೂ ಸುಮ್ಮನಿಲ್ಲ. ಹೈದರಾಬಾದಿನ ಸ್ಕೈರೂಟ್ 2022ರಲ್ಲಿ, ಚೆನ್ನೈಯ ಅಗ್ನಿಕುಲ 2024ರಲ್ಲಿ ತಮ್ಮ ಚಿಕ್ಕ ರಾಕೆಟ್ಟುಗಳನ್ನು ಹಾರಿಸಿವೆ. ಅವರ ಜಾಣ್ಮೆಗೆ ನನ್ನ ನಮಸ್ಕಾರ.

ಆದರೆ ಅಮೇರಿಕೆಯ ಕಥೆಯ ಅರ್ಧವನ್ನಷ್ಟೇ ನಮಗೆ ಹೇಳುತ್ತಾರೆ. ಅದೇ ಸ್ಪೇಸ್‌ಎಕ್ಸ್ 2008ರಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ಆಗ ಅದರ ಕೈ ಹಿಡಿದದ್ದು ಯಾವ ಧನಿಕನೂ ಅಲ್ಲ. ಅಮೇರಿಕೆಯ ಸರಕಾರಿ ಸಂಸ್ಥೆ ನಾಸಾ ಕೊಟ್ಟ 160 ಕೋಟಿ ಡಾಲರಿನ ಸಾಮಾನು ಸಾಗಣೆಯ ಕರಾರು. ಧಣಿಯ ಧೈರ್ಯದ ಹಿಂದೆ ಜನತೆಯ ಹಣವಿತ್ತು.

ಇಲ್ಲಿಯೂ ಅದೇ. ವಿಜ್ಞಾನದ ಸಂಶೋಧನೆಗೆಂದು 2023ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ಎಂದು ಘೋಷಿಸಿದರು. ಅದರಲ್ಲಿ 36,000 ಕೋಟಿ ಸರಕಾರದಿಂದಲ್ಲ, ಹೊರಗಿನಿಂದ ಬರಬೇಕೆಂಬ ಅಂದಾಜು. ಇತ್ತ 2025ರ ಜುಲೈಯಲ್ಲಿ ಖಾಸಗಿ ಉದ್ಯಮಗಳ ಸಂಶೋಧನೆಗೆ ಕಡಿಮೆ ಬಡ್ಡಿಗೆ, ಅಥವಾ ಬಡ್ಡಿಯೇ ಇಲ್ಲದೆ, ದೀರ್ಘಾವಧಿಯ ಸಾಲ ಕೊಡಲು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟರು. ಕಾಲೇಜಿನ ಪ್ರಯೋಗಶಾಲೆ ಧನಿಕರ ಔದಾರ್ಯ ಕಾಯಬೇಕು. ಧನಿಕರ ಪ್ರಯೋಗಶಾಲೆಗೆ ಬೊಕ್ಕಸದ ಸಾಲ! ಇಳಕಲ್ಲಿನ ಸೀರೆ ವ್ಯಾಪಾರಿಗೆ, ಹುನಗುಂದದ ಕಿರಾಣಿ ಅಂಗಡಿಯವನಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಬ್ಯಾಂಕು ಎಲ್ಲಿದೆ? ವಾರದ ಹಪ್ತಾ ಒಂದು ದಿನ ತಡವಾದರೆ ನಮ್ಮ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೆಂಬುದು ನಮಗೆ ಗೊತ್ತು.

ಹಾಗಾದರೆ ಎಲ್ಲವೂ ಸರಕಾರದ ಕೈಯಲ್ಲಿದ್ದರೆ ಸಾಕೇ? ಸಾಲದು. ಕತ್ತಲೆಯಲ್ಲಿ ಸಹಿ ಹಾಕುವ ಸರಕಾರಿ ಕೈಯೂ ಅಪಾಯದ್ದೇ. ಬೆಂಗಳೂರಿನಲ್ಲಿಯೇ ನಡೆದ ಆಂತ್ರಿಕ್ಸ್-ದೇವಾಸ್ ಪ್ರಕರಣ ಇದಕ್ಕೆ ಸಾಕ್ಷಿ. ಇಸ್ರೋದ ವ್ಯಾಪಾರ ಶಾಖೆಯಾದ ಆಂತ್ರಿಕ್ಸ್ 2005ರಲ್ಲಿ ದೇವಾಸ್ ಎಂಬ ಹೊಸ ಕಂಪನಿಯೊಡನೆ, ಎರಡು ಉಪಗ್ರಹಗಳ ಸಾಮರ್ಥ್ಯವನ್ನೂ ಅದರೊಡನೆ ಬೆಲೆಬಾಳುವ ತರಂಗಗಳನ್ನೂ ಬಳಸಗೊಡುವ ಕರಾರು ಮಾಡಿಕೊಂಡಿತು. ಬಹಿರಂಗ ಹರಾಜು ನಡೆಯಲಿಲ್ಲ. ಗದ್ದಲವೆದ್ದ ಮೇಲೆ 2011ರಲ್ಲಿ ಸರಕಾರ ಅದನ್ನು ರದ್ದು ಮಾಡಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಂಚನೆಯ ಕಾರಣದಿಂದ ಆ ಕಂಪನಿಯನ್ನು ಮುಚ್ಚುವ ಆಜ್ಞೆಯನ್ನು ಎತ್ತಿಹಿಡಿಯಿತು. ಆದರೂ ವಿದೇಶಗಳ ನ್ಯಾಯಾಲಯಗಳಲ್ಲಿ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕರಾರನ್ನು ಮೊದಲ ದಿನವೇ ಜನರ ಮುಂದೆ ಇಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ.

ಬೆಳಕಿನಲ್ಲಿ ನಡೆದ ವ್ಯವಹಾರವೂ ಉಂಟು. ಚಿಕ್ಕ ಉಪಗ್ರಹಗಳನ್ನು ಒಯ್ಯಲು ಇಸ್ರೋ ರೂಪಿಸಿದ ಎಸ್.ಎಸ್.ಎಲ್.ವಿ. ರಾಕೆಟ್ಟಿನ ತಂತ್ರವನ್ನು 2025ರ ಜೂನ್‌ನಲ್ಲಿ ಪೈಪೋಟಿಯ ಮೂಲಕ ಕೊಟ್ಟಾಗ, 511 ಕೋಟಿಗೆ ಗೆದ್ದದ್ದು ಬೆಂಗಳೂರಿನ ಸರಕಾರಿ ಕಾರಖಾನೆ ಎಚ್.ಎ.ಎಲ್. ಬೆಲೆ ಬಹಿರಂಗವಾಯಿತು, ವಿದ್ಯೆ ಸಾರ್ವಜನಿಕ ಕೈಯಲ್ಲಿಯೇ ಉಳಿಯಿತು. ಇದು ಆಗಬಹುದಾದ ಕೆಲಸ, ಅಸಾಧ್ಯದ ಕನಸಲ್ಲ.

ಇನ್ನು ಮಂಗಳ ಗ್ರಹದಲ್ಲಿ ಮನುಷ್ಯರ ಊರು ಕಟ್ಟುವ ಮಾತು. ಭೂಮಿಗೆ ಕೇಡು ಬಂದರೆ ಇರಲೆಂದು ಅಲ್ಲಿ ನಗರ ಕಟ್ಟುವೆವೆಂದು ಸ್ಪೇಸ್‌ಎಕ್ಸ್‌ನ ಧಣಿ ಎಲಾನ್ ಮಸ್ಕ್ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಊರು ಎತ್ತಿಡುವುದೆಂದರೇನೆಂದು ಬಾಗಲಕೋಟೆಯವರನ್ನು ಕೇಳಿರಿ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಪೇಟೆಯಿಂದ ನವನಗರಕ್ಕೆ, ನಾಲ್ಕಾರು ಮೈಲಿನ ಆಚೆಗೆ, ಊರನ್ನು ಸಾಗಿಸುವುದರಲ್ಲಿ ಎಷ್ಟು ಅಂಗಡಿಗಳ ಗಿರಾಕಿ ಹೋಯಿತು, ಎಷ್ಟು ಮನೆತನಗಳು ಚದುರಿದವು, ಪರಿಹಾರಕ್ಕಾಗಿ ಎಷ್ಟು ಚಪ್ಪಲಿ ಸವೆದವು! ಉಸಿರಾಡುವ ಗಾಳಿಯಿಲ್ಲದ ಕೆಂಪು ಮಣ್ಣಿಗೆ ಹೋಗುವ ಮೊದಲ ಬಂಡಿಯಲ್ಲಿ ಹತ್ತುವವರು ಯಾರು, ಕೆಟ್ಟ ಭೂಮಿಯಲ್ಲಿ ಉಳಿಯುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತಾರದ ಪ್ರಶ್ನೆಯೂ ಇದೆ. 1967ರ ಅಂತರರಾಷ್ಟ್ರೀಯ ಒಪ್ಪಂದದಂತೆ ಚಂದ್ರನನ್ನಾಗಲಿ ಮಂಗಳನನ್ನಾಗಲಿ ಯಾವ ರಾಷ್ಟ್ರವೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಆದರೆ ಅಮೇರಿಕೆ 2015ರಲ್ಲಿ ಒಂದು ಕಾಯದೆ ಮಾಡಿ, ತನ್ನ ಕಂಪನಿಗಳು ಅಲ್ಲಿ ಅಗೆದು ತೆಗೆದದ್ದು ಆ ಕಂಪನಿಗಳ ಸ್ವತ್ತೆಂದು ಹೇಳಿತು. ಹೊಲ ಯಾರದೂ ಅಲ್ಲ, ಆದರೆ ಬೆಳೆ ಮಾತ್ರ ಕೊಯ್ದವನದು! ಗೋಮಾಳದ ಹುಲ್ಲು ಹೀಗೆಯೇ ಮೊದಲು ಉಳ್ಳವರ ಕೊಟ್ಟಿಗೆ ಸೇರಿತು. ನೆಲ ಕೈಬಿಟ್ಟದ್ದು ಆಮೇಲೆ.

ಮೇಲಿನಿಂದ ಮರೋಳಕ್ಕೆ ಇಳಿಯೋಣ. ನಿಜವಾದ ಪಣ ಇರುವುದು ಇಲ್ಲಿ. ಕೃಷ್ಣೆಯ ನೀರನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಎತ್ತಿ, ಹುನಗುಂದ ತಾಲೂಕಿನ ಸುಮಾರು 24,000 ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ಹನಿ ಹನಿಯಾಗಿ ಕೊಡಲೆಂದು ರೂಪಿಸಿದ ರಾಮಥಾಳ-ಮರೋಳ ಯೋಜನೆಯ ಹೆಸರು ದೇಶದಾಚೆಗೂ ಹೋಗಿದೆ. ಇಂಥ ಯೋಜನೆಯ ಜೀವಾಳವೆಂದರೆ ತಿಳಿವಳಿಕೆ: ಯಾವ ಹೊಲದ ಮಣ್ಣು ಒಣಗಿದೆ, ಯಾವುದರಲ್ಲಿ ಹಸಿ ಇದೆ, ನೀರು ಎಲ್ಲಿ ಮುಟ್ಟಿದೆ, ಎಲ್ಲಿ ಮುಟ್ಟಿಲ್ಲ. ಆಕಾಶದ ಕಣ್ಣು ಇದನ್ನು ನೋಡಬಲ್ಲದು.

2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹೋದ ನಿಸಾರ್ ಉಪಗ್ರಹ ಇಂಥದೇ ಕಣ್ಣು. ಇಸ್ರೋ ಮತ್ತು ನಾಸಾ, ಎರಡು ಸಾರ್ವಜನಿಕ ಸಂಸ್ಥೆಗಳು, ಕೂಡಿ ಕಟ್ಟಿದ್ದು. ಮೋಡ ಮುಸುಕಿದರೂ, ರಾತ್ರಿಯಾದರೂ ಅದು ನೆಲವನ್ನು ನೋಡಬಲ್ಲದು. 12 ದಿನಗಳಿಗೊಮ್ಮೆ ಅದೇ ಜಾಗಕ್ಕೆ ಮರಳುವುದು. ಮಣ್ಣಿನ ತೇವವನ್ನು ಅಳೆಯುವುದು ಅದರ ಕೆಲಸಗಳಲ್ಲೊಂದು. ಅದರ ಮಾಹಿತಿ ಜಗತ್ತಿಗೆಲ್ಲ ಉಚಿತವಾಗಿರಬೇಕೆಂದು ಮೊದಲೇ ನಿರ್ಣಯವಾಗಿತ್ತು. ಅದೇ ಮುಂಗಾರಿನಲ್ಲಿ, ಐದು ವಾರಗಳ ಅಂತರದಲ್ಲಿ ನಾವು ಎರಡು ದಾರಿ ಕಂಡೆವು: ಒಂದು ಬಾಡಿಗೆಯ ಆಸನ, ಇನ್ನೊಂದು ಎಲ್ಲರ ಕಣ್ಣು.

2023ರ ನೀತಿಯಲ್ಲಿ ಒಂದು ಒಳ್ಳೆಯ ಮಾತಿದೆ. ಐದು ಮೀಟರ್ ಅಥವಾ ಅದಕ್ಕಿಂತ ದಪ್ಪ ಅಳತೆಯ ಸರಕಾರಿ ಚಿತ್ರಗಳು ಎಲ್ಲರಿಗೂ ಉಚಿತ. ಎರಡು ಎಕರೆ ಹೊಲವನ್ನು ಚೌಕವಾಗಿ ಹಿಡಿದರೆ ಒಂದು ಬದಿ 90 ಮೀಟರ್. ಐದು ಮೀಟರಿನ ಚಿತ್ರದಲ್ಲಿ ಅದು 18 ಸಾಲು, 18 ಕಂಬ, ಒಟ್ಟು 324 ಮನೆಗಳ ಪಟವಾಗಿ ಕಾಣುತ್ತದೆ. ಸಣ್ಣ ರೈತನಿಗೆ ಇದು ಕಡಿಮೆಯಲ್ಲ. ಆದರೆ ಮುಂದಿನ ಕಣ್ಣುಗಳು ಯಾರವು? 2025ರ ಅಗಸ್ಟ್‌ನಲ್ಲಿ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ನೇತೃತ್ವದ ಕೂಟಕ್ಕೆ ಭೂಮಿಯನ್ನು ನೋಡುವ 12 ಉಪಗ್ರಹಗಳ ಕೆಲಸ ಸಿಕ್ಕಿತು. ಸುಮಾರು 1,200 ಕೋಟಿಯನ್ನು ಅವರೇ ಹೂಡುತ್ತಾರೆ. ಹೂಡಿದವರು ಬೆಲೆ ಕೇಳುತ್ತಾರೆ; ಅದು ವ್ಯಾಪಾರದ ಧರ್ಮ. ನಮ್ಮ ಹೊಲದ ಬೆಳೆ ಎಷ್ಟು ಬರುವುದೆಂದು ದೊಡ್ಡ ಅಡತಿಯವನು ಹಣ ಕೊಟ್ಟು ಎರಡು ತಿಂಗಳು ಮೊದಲೇ ತಿಳಿದುಕೊಂಡು, ಬೆಳೆದವನಿಗೂ ಚಿಲ್ಲರೆ ವ್ಯಾಪಾರಿಗೂ ಅದು ತಿಳಿಯದೇ ಹೋದರೆ ಪೇಟೆಯ ದರ ಯಾರ ಕೈಯಲ್ಲಿ ಇರುವುದು? ಹೊಲ ನಮ್ಮದು, ಬೆವರು ನಮ್ಮದು. ಅದರ ಸುದ್ದಿಯನ್ನು ಮಾತ್ರ ನಾವು ಕೊಂಡುಕೊಳ್ಳಬೇಕಾಗುವುದು. ಹೊಸ ಕಾಲದ ದಲಾಲಿ ಎಂದರೆ ಇದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಮಂಗಳಕ್ಕೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಿರಿ, ಜನತೆಯ ಹೆಸರಿನಲ್ಲಿ ಹೋಗಿರಿ, ಸಿಕ್ಕ ವಿದ್ಯೆಯನ್ನು ಎಲ್ಲರ ಮುಂದೆ ಇಡಿರಿ. ಇಸ್ರೋದಿಂದ ಹೊರಹೋಗುವ ಪ್ರತಿಯೊಂದು ತಂತ್ರದ ಬೆಲೆಯೂ ಕರಾರೂ ಲೋಕಸಭೆಯ ಮುಂದೆ ಬರಲಿ. ಅದರಿಂದ ಬರುವ ಲಾಭದಲ್ಲಿ ಬೊಕ್ಕಸಕ್ಕೆ ವರ್ಷ ವರ್ಷವೂ ಪಾಲಿರಲಿ. ಜನತೆಯ ಹಣದಿಂದಾಗಲಿ ಜನತೆಯ ಸಾಲದಿಂದಾಗಲಿ ಹಾರಿದ ಕಣ್ಣು ನಮ್ಮ ಹೊಲದ ಬಗ್ಗೆ ಕಂಡದ್ದು ಗ್ರಾಮ ಪಂಚಾಯತಿಯ ಫಲಕದ ಮೇಲೆ ಕನ್ನಡದಲ್ಲಿ, ಉಚಿತವಾಗಿ ಬರಲಿ. ರಾಕೆಟ್ಟಿನ ಭಾಗಗಳನ್ನು ಮಾಡುವ ಕಾರಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವನಿಗೂ ಕಾಯಂ ಕೆಲಸಗಾರನ ಪಗಾರ ಸಿಗಲಿ. ಆಕಾಶಕ್ಕೆ ಹೋಗುವ ತಿರುಪನ್ನು ಬಿಗಿಯುವ ಕೈಯೂ ನೆಲದ ಮೇಲೆ ಊಟ ಮಾಡಬೇಕು.

ಮರೋಳದ ಹಿರಿಯರೇ, ಅಂದು ಚಹಾದಂಗಡಿಯಲ್ಲಿ ನಾನು ಹೇಳಬೇಕಾಗಿದ್ದ ಉತ್ತರ ಇದು. ಮಂಗಳಕ್ಕೆ ಹೋಗಲು ರೊಕ್ಕವಿದೆಯೇ ಎಂದು ಕೇಳಿದಿರಿ. ಇದೆ, ಅದು ನಿಮ್ಮದೇ ರೊಕ್ಕ. ಆದುದರಿಂದ ಲೆಕ್ಕ ಕೇಳುವ ಹಕ್ಕೂ ನಿಮ್ಮದೇ. ಮುಂದಿನ ಸಲ ಮತ ಕೇಳಲು ಬಂದವರನ್ನು ಅದೇ ಅಂಗಡಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಈ ವಹಿಯನ್ನು ಅವರ ಮುಂದೆ ಬಿಚ್ಚಿರಿ. ಚಹಾದ ದುಡ್ಡು ನಾನು ಕೊಡುತ್ತೇನೆ.